ಸೆಲ್ಮರನ ಬೇಡಗಳು

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವುದರೊಳಗೆ ಆರ್ಲಿಸ್ ತನ್ನ ಹಿಮದ ಬೂಟನ್ನು ಸಂದಿಗೆ ತೂರಿಸಿದಳು. ಬಾಗಿಲು ಬೂಟನ್ನು ಕಚ್ಚಿತು, ರುಚಿಸದೆ ಉಗುಳಿತು, ಮತ್ತೆ ಕಚ್ಚಿತು. ಒಳಗಿದ್ದ ಡಾಕ್ಟರ್ ಕಪೂಟೊ ಎದೆಗೆ ಫೈಲು ಅವಚಿಕೊಂಡು ಹಿಂದಿನ ಗೋಡೆಗೆ ಅಂಟಿ ನಿಂತಳು.

"ಡಾಕ್ಟ್ರೇ, ನಮ್ಮಪ್ಪ ಬೇಡ ಅಂದಿಲ್ಲ."

"ನನ್ನೆದುರಿಗೇ ಅಂದ್ರಲ್ಲ. ನೀವೂ ಅಲ್ಲೇ ಇದ್ರಿ."

"ಅಂದ. ಆದ್ರೆ ಒಂದೇ ಸಲ ಅಂದ."

ಡಾಕ್ಟರ್ ಕಪೂಟೊ ನ್ಯೂಜೆರ್ಸಿಯವಳು. ಸೆಪ್ಟೆಂಬರಿನಲ್ಲಷ್ಟೇ ಮಿನೆಸೋಟದ ಈ ಮೂಲೆಗೆ, ನಾರ್ವೆಯವರ ಮೊಮ್ಮಕ್ಕಳು ಮರಿಮಕ್ಕಳೇ ತುಂಬಿರುವ ಈ ಊರಿನ ಸಣ್ಣ ಆಸ್ಪತ್ರೆಗೆ ಬಂದಿದ್ದಳು. ಅವಳು ಬೆಳೆದ ಮನೆಯಲ್ಲಿ ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು, ಎರಡನ್ನೂ ಕಿರುಚಿ ಹೇಳುವುದು. ಅವಳು ಕಲಿತ ಕಾಲೇಜಿನಲ್ಲಂತೂ ರೋಗಿ ಒಮ್ಮೆ ಬೇಡವೆಂದ ಮೇಲೆ ಮತ್ತೆ ಕೇಳುವುದು ಒತ್ತಾಯ ಎಂದು ಬರೆಸಿ ಬರೆಸಿ ಕಲಿಸಿದ್ದರು. ಹಾಗಾಗಿ ಅವಳು ಲಿಫ್ಟಿನೊಳಗೆ ನಿಂತುಕೊಂಡೇ, ನಿಮ್ಮ ತಂದೆಯ ಬುದ್ಧಿ ನನ್ನ ಬುದ್ಧಿಗಿಂತ ಚುರುಕಾಗಿದೆ, ಅವರ ಮಾತೇ ಕೊನೆಯ ಮಾತು, ಅದನ್ನು ತಿದ್ದುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ ಎಂದಳು. ಬಾಗಿಲು ಆರ್ಲಿಸಳ ಬೂಟನ್ನು ಇನ್ನೊಮ್ಮೆ ಕಚ್ಚಿತು.

"ಕಾಲು ತೆಗೀರಿ, ಮುರಿದ್ರೆ ಅದನ್ನೂ ನಾನೇ ನೋಡ್ಬೇಕು."

"ನೀವು ಹೊರಗೆ ಬನ್ನಿ, ತೆಗೀತೀನಿ."

ಡಾಕ್ಟರ್ ಹೊರಗೆ ಬಂದಳು.

ಆ ಬೆಳಿಗ್ಗೆ ಆದದ್ದು ಇಷ್ಟು. ಸೆಲ್ಮರ್ ಲೊಕೆನ್, ಊರಿನ ಹಾಲಿನ ಡೈರಿಯಲ್ಲಿ ಬದುಕಿಡೀ ಬೆಣ್ಣೆ ಕಡೆದವನು, ಇಬ್ಬರು ಮಕ್ಕಳ ಅಪ್ಪ, ಈಗ ಎಂಬತ್ತೇಳರ ಮುದುಕ, ದಿಂಬಿಗೊರಗಿ ಕುಳಿತಿದ್ದ. ಅವನ ಎರಡೂ ಮೂತ್ರಪಿಂಡಗಳು ಅಂಗಡಿ ಮುಚ್ಚಿದ್ದವು. ಡಾಕ್ಟರ್ ಪಕ್ಕದಲ್ಲಿ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದಳು. ದಾರಿ ಎರಡು. ಒಂದು, ದೂರದ ಫಾರ್ಗೊ ನಗರದಲ್ಲಿ ಡಯಾಲಿಸಿಸ್. ವಾರಕ್ಕೆ ಮೂರು ಸಲ ಹೋಗಬೇಕು, ಅರ್ಧ ದಿನ ಮೆಷಿನ್ನಿನ ಪಕ್ಕ ಮಲಗಬೇಕು. ಹಾಗೆ ಮಾಡಿದರೆ ಒಂದು ವರ್ಷ, ಅದೃಷ್ಟವಿದ್ದರೆ ಇನ್ನೂ ಸ್ವಲ್ಪ. ಇನ್ನೊಂದು, ಮೆಷಿನ್ ಬಿಟ್ಟು ಮನೆಗೆ ಹೋಗುವುದು. ನರ್ಸ್ ಮನೆಗೇ ಬರುತ್ತಾಳೆ, ನೋವಾಗದಂತೆ ನೋಡಿಕೊಳ್ಳುತ್ತಾಳೆ. ಕೆಲವು ವಾರ. ಫಾರ್ಗೊದಲ್ಲಿ ಒಂದು ಜಾಗ ಖಾಲಿಯಾಗಿದೆ, ಸಂಜೆಯೊಳಗೆ ಉತ್ತರ ಕೊಡಬೇಕು.

ಡಯಾಲಿಸಿಸ್ ಶುರು ಮಾಡೋಣವೇ ಎಂದು ಕೇಳಿದಳು. ಅಯ್ಯೋ ಬೇಡ ಬಿಡಿ, ನಿಮಗ್ಯಾಕೆ ತೊಂದರೆ ಎಂದ ಸೆಲ್ಮರ್. ಹಾಗಾದರೆ ಮನೆಗೆ ನರ್ಸನ್ನು ಕಳಿಸಲೇ? ಛೆ ಛೆ, ಈ ಹಿಮದಲ್ಲಿ ಆಯಮ್ಮ ಅಷ್ಟು ದೂರ ಯಾಕೆ ಬರಬೇಕು, ಬೇಡ. ನೋವಿಗೆ ಮಾತ್ರೆ? ಮಾತ್ರೆ ನಿಜವಾಗಿ ನೋವಿರುವವರಿಗೆ ಕೊಡಿ. ಡಾಕ್ಟರ್ ಫೈಲಿನಲ್ಲಿ 'ಎಲ್ಲವನ್ನೂ ನಿರಾಕರಿಸಿದ್ದಾರೆ' ಎಂದು ಬರೆದು, ಕೈ ಕುಲುಕಿ, ಎದ್ದು ಹೋದಳು. ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಪಂಕ್ತಿಯನ್ನೇ ಎಬ್ಬಿಸಿಬಿಟ್ಟರೆ ನೆಂಟನ ಮುಖ ಹೇಗಾಗುತ್ತದೋ ಸೆಲ್ಮರನ ಮುಖ ಹಾಗಾಯಿತು. ಅದನ್ನು ನೋಡಿದ್ದರಿಂದಲೇ ಆರ್ಲಿಸ್ ಓಡಿದ್ದು.

ಅವಳಿಗೆ ಬೇಕಾಗಿದ್ದದ್ದು ಆ ಒಂದು ವರ್ಷ. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಅಪ್ಪ ಇನ್ನೊಂದು ಬೇಸಿಗೆ ಇರಬೇಕು, ಇನ್ನೊಂದು ಕ್ರಿಸ್‌ಮಸ್ಸಿಗೆ ನಾರ್ವೆಯವರ ಆ ವಾಸನೆಯ ಒಣಮೀನು ತಿಂದು ಚೆನ್ನಾಗಿದೆ ಎಂದು ಸುಳ್ಳು ಹೇಳಬೇಕು. ಸ್ಕೂಲ್ ಬಸ್ಸು ಓಡಿಸುವ ಹೆಂಗಸು ಅವಳು. ಹಿಂದಿನ ಸೀಟಿನಲ್ಲಿ ಯಾರು ಯಾರಿಗೆ ಚಿವುಟಿದರು ಎಂದು ಕನ್ನಡಿಯಲ್ಲೇ ಹಿಡಿಯಬಲ್ಲವಳು. ಆದರೆ ಅಪ್ಪನಿಲ್ಲದ ಊರಿನಲ್ಲಿ ಬಸ್ಸನ್ನು ಯಾವ ಕಡೆ ತಿರುಗಿಸಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ಅವಳು ಡಾಕ್ಟರನ್ನು ಕರೆದುಕೊಂಡು ಹೋದ ಕಾಫಿ ಕೋಣೆಯಲ್ಲಿ ತಮ್ಮ ಗೇಲೆನ್ ಕಾಯುತ್ತಿದ್ದ. ಹೆದ್ದಾರಿಯ ಹಿಮ ತಳ್ಳುವ ಲಾರಿ ಓಡಿಸುವವನು, ಆರಡಿ ದಾಟಿದ ಆಳು, ಸಾವಿನ ಮಾತು ಬಂದಾಗಲೆಲ್ಲ ನಗು ತಡೆಯಲಾಗದವನು. ಚಿಕ್ಕವನಿದ್ದಾಗ ಚರ್ಚಿನಲ್ಲಿ ಯಾರದೇ ಶವಸಂಸ್ಕಾರವಿರಲಿ, ಅಕ್ಕತಮ್ಮಂದಿರನ್ನು ಬೇರೆ ಬೇರೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ಮೇಜಿನ ಮೇಲೆ ಯಾರೋ ತಂದಿಟ್ಟ ಚಾಕಲೇಟು ಬಿಲ್ಲೆಗಳ ತಟ್ಟೆಯಿತ್ತು. ಅದರಲ್ಲಿ ಉಳಿದಿದ್ದು ಒಂದೇ ಬಿಲ್ಲೆ. ಕೊನೆಯದನ್ನು ಇಲ್ಲಿ ಯಾರೂ ತಿನ್ನುವುದಿಲ್ಲ. ಬಂದವರೆಲ್ಲ ಅದರಲ್ಲಿ ಅರ್ಧ ಕತ್ತರಿಸಿಕೊಂಡು ಅರ್ಧ ಬಿಟ್ಟು ಹೋಗುತ್ತಾರೆ. ಆ ಬಿಲ್ಲೆ ಅಷ್ಟು ಹೊತ್ತಿಗೆ ಹೆಬ್ಬೆರಳಿನ ಉಗುರಿನಷ್ಟಾಗಿತ್ತು. ಡಾಕ್ಟರ್ ಕಪೂಟೊ ನಿಂತಲ್ಲೇ ಅದನ್ನೆತ್ತಿ ಬಾಯಿಗೆ ಹಾಕಿಕೊಂಡಳು. ಅಕ್ಕತಮ್ಮ ಇಬ್ಬರೂ ಬರಿದಾದ ತಟ್ಟೆಯನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಗೇಲೆನ್ ಸದ್ದಿಲ್ಲದೆ ಕುಲುಕಾಡತೊಡಗಿದ.

"ಏನು?" ಅಂದಳು ಡಾಕ್ಟರ್.

"ಏನಿಲ್ಲ," ಅಂದಳು ಆರ್ಲಿಸ್. "ಪಾಠ ಇಲ್ಲಿಂದಲೇ ಶುರು ಮಾಡ್ಬೇಕು ಅಷ್ಟೆ."

ಅವಳು ಬಿಡಿಸಿ ಹೇಳಿದಳು. ಈ ಕಡೆಯವರಿಗೆ ಏನನ್ನಾದರೂ ಕೊಡುವಾಗ ಮೂರು ಸಲ ಕೇಳಬೇಕು. ಮೊದಲನೆಯ ಬೇಡ ಬರೀ ನಮಸ್ಕಾರವಿದ್ದ ಹಾಗೆ. ಎರಡನೆಯದು ನಿಮ್ಮನ್ನು ಅಳೆಯುವುದಕ್ಕೆ, ಮನಸ್ಸಾರೆ ಕೇಳುತ್ತಿದ್ದೀರೋ ಬಾಯಿಮಾತಿಗೋ ಎಂದು. ಮೂರನೆಯ ಸಲ ಕೇಳಿದರೆ, ನಿಮಗೆ ತೊಂದರೆ ಇಲ್ಲ ಅಂದರೆ ಅರ್ಧ ಕೊಡಿ ಎನ್ನುತ್ತಾರೆ. ಅರ್ಧ ಎಂದರೆ ಪೂರ್ತಿ. ಅಮ್ಮನನ್ನು ಅಪ್ಪ ಮದುವೆಗೆ ಕೇಳಿದ್ದೂ ಹಾಗೆಯೇ. ಡೈರಿಯ ಹಿಂದೆ ಲಾರಿಯಲ್ಲಿ ಕುಳಿತು ಕೇಳಿದಾಗ ಅಮ್ಮ, ಬೇಡಪ್ಪ, ನಿನಗೆ ನನಗಿಂತ ಒಳ್ಳೆಯವರು ಸಿಗುತ್ತಾರೆ ಎಂದಿದ್ದಳು. ಮರುವಾರವೂ ಅದೇ ಮಾತು. ಮೂರನೆಯ ವಾರ, ಬೇರೆ ಯಾರೂ ನಿನ್ನ ಕಣ್ಣಿಗೆ ಬಿದ್ದಿಲ್ಲ ಅಂದರೆ ಆಗಲಿ ಎಂದಳು.

"ಇದು ಪ್ರೀತಿನಾ?" ಅಂದಳು ಡಾಕ್ಟರ್.

"ನಮ್ಮೂರಲ್ಲಿ ಇದನ್ನ ಹೇಳೋವಾಗ ಮಕ್ಕಳನ್ನ ಹೊರಗೆ ಕಳಿಸ್ತಾರೆ," ಅಂದ ಗೇಲೆನ್.

ಅಭ್ಯಾಸ ಶುರುವಾಯಿತು. ಗೇಲೆನ್ ಅಪ್ಪನಾದ. ಕುರ್ಚಿಯಲ್ಲಿ ಕುಗ್ಗಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ನೋಡತೊಡಗಿದ. ಡಾಕ್ಟರ್ ಕಾಫಿ ಬೇಕೇ ಎಂದು ಕೇಳಿದಳು. ಬೇಡ ಎಂದ. ಬೇಕೇ ಎಂದು ಮತ್ತೆ ಕೇಳಿದಳು, ಪೊಲೀಸಿನವಳ ದನಿಯಲ್ಲಿ. ಆರ್ಲಿಸ್ ತಡೆದಳು. ಎರಡನೆಯ ಸಲ ಬೇಕೇ ಎನ್ನಬಾರದು, ಹೇಗೂ ನನಗೆ ಮಾಡಿಕೊಳ್ಳುತ್ತಿದ್ದೇನೆ ಎನ್ನಬೇಕು. ಮೂರನೆಯ ಸಲ, ಚೆಲ್ಲಬೇಕಾಗುತ್ತಲ್ಲ ಎನ್ನಬೇಕು. ಕಣ್ಣಿನಲ್ಲಿ ಕಣ್ಣಿಟ್ಟು ನೋಡಲೇಬಾರದು, ಇಬ್ಬರೂ ಸೇರಿ ಕಿಟಕಿಯನ್ನು ನೋಡಬೇಕು. ಎಲ್ಲಕ್ಕಿಂತ ಮೊದಲು ಹವೆಯ ಮಾತಾಡಬೇಕು. ಡಾಕ್ಟರ್ ಹುಬ್ಬು ಗಂಟಿಕ್ಕಿಕೊಂಡು ಎಲ್ಲವನ್ನೂ ಬಾಯಿಪಾಠ ಮಾಡಿದಳು. ಮೂರನೆಯ ಸುತ್ತಿನಲ್ಲಿ ಅವಳು ಕಿಟಕಿ ನೋಡುತ್ತ, ಇಂಥ ಚಳಿಯಲ್ಲಿ ಚೆಲ್ಲಿದರೆ ಕಾಫಿಯೂ ಗಡ್ಡೆ ಕಟ್ಟುತ್ತದೆ ಎಂದು ತಾನಾಗಿಯೇ ಸೇರಿಸಿದಾಗ ಗೇಲೆನ್ ಅಪ್ಪನ ಪಾತ್ರದಿಂದ ಕೆಳಗೆ ಬಿದ್ದ. ಕುರ್ಚಿಯಿಂದಲೂ ಬಿದ್ದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿಗೆಂದು ಬಂದ ನರ್ಸ್ ಬಾಗಿಲಲ್ಲೇ ನಿಂತು, ಯಾರೋ ಹುಷಾರಾದರು ಅಂತ ಕಾಣುತ್ತದೆ ಎಂದುಕೊಂಡು ಹೋದಳು.

ಮೊದಲ ಪರೀಕ್ಷೆ ನೋವಿನ ಮಾತ್ರೆಯದು. ಅಕ್ಕತಮ್ಮ ಬಾಗಿಲ ಹೊರಗೆ ಗೋಡೆಗೊರಗಿ ಕಿವಿಗೊಟ್ಟರು. ಡಾಕ್ಟರ್ ಒಳಗೆ ಹೋಗಿ, ಚಳಿ ಜೋರಾಗಿದೆ ಎಂದಳು. ಇದಕ್ಕಿಂತ ಜೋರು ಇರಬಹುದಿತ್ತು ಎಂದ ಸೆಲ್ಮರ್. ಗಾಳಿಯಿಲ್ಲದ್ದು ಪುಣ್ಯ ಎಂದಳು. ಗಾಳಿ ನಾಳೆ ಬರುತ್ತದೆ ಎಂದು ಅವನು ಸಮಾಧಾನ ಹೇಳಿದ. ಅದಾದ ಮೇಲೆ ಮಾತ್ರೆ. ಬೇಡ. ನರ್ಸ್ ಹೇಗೂ ಈ ಕಡೆಗೇ ಬರುತ್ತಿದ್ದಾಳೆ. ಆದರೂ ಬೇಡ. ಡಬ್ಬಿ ತೆರೆದಾಗಿದೆ, ಎಸೆಯಬೇಕಾಗುತ್ತದೆ.

"ಎಸೆಯೋದಾದ್ರೆ," ಅಂದ ಸೆಲ್ಮರ್, "ಅರ್ಧ ಕೊಟ್ಟಿರಿ."

ಡಾಕ್ಟರ್ ಕಪೂಟೊ ಹೊರಗೆ ಬಂದು, ಎರಡೂ ತೋಳು ಮೇಲೆತ್ತಿ, ಗೋಲು ಹೊಡೆದವಳಂತೆ ಕಾರಿಡಾರಿನುದ್ದಕ್ಕೂ ಓಡಿದಳು. ಅವಳ ಕುತ್ತಿಗೆಯ ಸ್ಟೆಥೊಸ್ಕೋಪು ಹಿಂದೆ ಹಾರುತ್ತಿತ್ತು. ಸೆಲ್ಮರ್ ಪೂರ್ತಿ ಮಾತ್ರೆ ನುಂಗಿದ. ವಾರದಿಂದ ಅವನ ಹುಬ್ಬುಗಳ ನಡುವೆ ಬಿದ್ದಿದ್ದ ಗೆರೆ ಅಳಿಸಿತು. ಅವನು ಗೊರಕೆ ಹೊಡೆದು ಮಲಗಿದ. ಅಕ್ಕತಮ್ಮ ಆ ಗೊರಕೆಯನ್ನು ಬ್ಯಾಂಡು ಕೇಳುವವರಂತೆ ನಿಂತು ಕೇಳಿದರು. ಇಡೀ ವಾರ ಅಪ್ಪ ನೋವು ತಿಂದುಕೊಂಡು ಮಲಗಿದ್ದ, ಯಾರೂ ಇನ್ನೆರಡು ಸಲ ಕೇಳಲಿಲ್ಲ ಎಂಬುದೊಂದೇ ಕಾರಣಕ್ಕೆ ಎಂದು ಹೊಳೆದಾಗ ಆರ್ಲಿಸಳಿಗೆ ಒಂದು ಕ್ಷಣ ಉಸಿರು ಸಿಕ್ಕಿಕೊಂಡಿತು. ಆಮೇಲೆ ಅದೂ ನಗುವಾಗಿಯೇ ಹೊರಬಂತು, ಆ ದಿನ ಅವಳೊಳಗಿಂದ ಬೇರೇನೂ ಬರಲು ಒಪ್ಪುತ್ತಿರಲಿಲ್ಲ.

ಮಧ್ಯಾಹ್ನ ಮೂವರೂ ಮತ್ತೆ ಕಾಫಿ ಕೋಣೆಯಲ್ಲಿ ಸೇರಿದರು. ಇನ್ನು ಮೆಷಿನ್ನಿನ ಮಾತು. ಮೂರು ಸಲ ಕೇಳಿ, ಆಗಲಿ ಅನ್ನುತ್ತಾನೆ ಎಂದಳು ಆರ್ಲಿಸ್. ಅವಳು ಆಗಲೇ ಮನಸ್ಸಿನಲ್ಲಿ ಫಾರ್ಗೊದ ದಾರಿಯಲ್ಲಿ ಪೈ ತಿನ್ನಲು ಎಲ್ಲಿ ನಿಲ್ಲಿಸುವುದು ಎಂದು ಗೊತ್ತುಮಾಡುತ್ತಿದ್ದಳು.

ಡಾಕ್ಟರ್ ಒಂದು ಸಣ್ಣ ಪ್ರಶ್ನೆ ಕೇಳಿದಳು. ಮಾತ್ರೆ ಅವರಿಗೆ ನಿಜವಾಗಿಯೂ ಬೇಕಾಗಿತ್ತು, ಸರಿ. ನಿಜವಾಗಿಯೂ ಬೇಡದ್ದನ್ನು ಮೂರು ಸಲ ಕೇಳಿದರೆ ಏನನ್ನುತ್ತಾರೆ?

ಅಕ್ಕ ತಮ್ಮನ ಕಡೆ ನೋಡಿದಳು. ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದಳು. ಗೇಲೆನ್‌ಗೆ ಅದು ಕಾಣಿಸಿತು, ಆದರೆ ಕಥೆ ಆಗಲೇ ಗಂಟಲಿನವರೆಗೆ ಬಂದಿತ್ತು.

"ವ್ಯಾಕ್ಯೂಮ್ ಕ್ಲೀನರ್," ಅಂದ.

ಒಮ್ಮೆ ವ್ಯಾಕ್ಯೂಮ್ ಕ್ಲೀನರ್ ಮಾರುವವನು ಮನೆಗೆ ಬಂದಿದ್ದ. ಮನೆಯಲ್ಲಿ ಒಂದಂಗುಲ ಕಾರ್ಪೆಟ್ಟಿರಲಿಲ್ಲ, ಎಲ್ಲ ಮರದ ನೆಲ. ಅಪ್ಪ ಬೇಡ ಅಂದ, ಬೇಡ ಅಂದ, ಮೂರನೆಯ ಸಲ ಪಾಪ ಅವನು ಇಷ್ಟು ದೂರ ಬಂದಿದ್ದಾನೆ ಎಂದು ಕೊಂಡ. ಮಾರುವವನು ಹೊಸಿಲು ದಾಟುವಾಗ ತಿರುಗಿ, ಮಹಡಿಗೊಂದು ಎಂದು ಶುರುಮಾಡಿದ. ಅಪ್ಪ ಅದನ್ನೂ ಕೊಂಡ. ಮಹಡಿ ಇರಲಿಲ್ಲ. ಅಮ್ಮ ಆಮೇಲೆ ಒಂದು ಕಾರ್ಪೆಟ್ಟು ಕೊಳ್ಳಬೇಕಾಯಿತು. ಚರ್ಚಿನವರು ಈಸ್ಟರ್‌ವರೆಗೆ ಮಾತ್ರ ಖಜಾಂಚಿಯಾಗಿರು ಎಂದು ಮೂರು ಸಲ ಕೇಳಿದರು, ಯಾವ ಈಸ್ಟರ್ ಎಂದು ಹೇಳಲಿಲ್ಲ, ಅಪ್ಪ ಕೂದಲು ನೆರೆಯುವವರೆಗೆ ಖಜಾಂಚಿಯಾಗಿದ್ದ. ಪಕ್ಕದ ಹೊಲದವನ ಒದೆಯುವ ಕುದುರೆಯೂ ಹೀಗೆಯೇ ಮನೆಗೆ ಬಂದದ್ದು.

"ನೇಣು ಹಾಕೋಣ್ವಾ ಅಂತ ಮೂರು ಸಲ ಕೇಳಿದ್ರೂ," ಅಂದ ಗೇಲೆನ್, "ಹಗ್ಗ ತಂದಾಗಿದೆ ಅಂದ್ರೆ ಆಗಲಿ ಬಿಡಿ ಅನ್ನೋನು."

ಅವನಿಗೆ ಮತ್ತೆ ನಗು ಬಂತು. ಡಾಕ್ಟರಿಗೂ ಬಂತು. ಆರ್ಲಿಸಳಿಗೂ ಬಂತು, ಅವಳು ಕಣ್ಣೊರೆಸಿಕೊಂಡಳು. ಕುದುರೆ ಗೇಲೆನ್‌ನನ್ನು ಬೇಲಿಯಾಚೆ ಎಸೆದದ್ದನ್ನು ನೆನೆದು ಇನ್ನೊಮ್ಮೆ ಮೂವರೂ ನಕ್ಕರು. ನಗು ಇಳಿದಾಗ ಡಾಕ್ಟರ್ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಹಾಗಾದರೆ ಮೂರನೆಯ ಸಲದ 'ಆಗಲಿ'ಯೂ ಮರ್ಯಾದೆಯ ಮಾತೇ ಅಲ್ಲವೇ ಎಂದು ಕೇಳಿದಳು. ಅವಳು ಕಾಫಿಯ ಲೋಟ ತೊಳೆದಿಟ್ಟು, ನಿಮ್ಮಪ್ಪ ಎದ್ದರೇನೋ ನೋಡುತ್ತೇನೆ ಎಂದು ಹೋದಳು.

"ಇದು ಮೋಸ ಕಣೇ ಆರ್ಲಿ," ಅಂದ ಗೇಲೆನ್.

"ಗೊತ್ತು ಕಣೋ."

"ಗೊತ್ತಿದ್ದೂ?"

"ಗೊತ್ತಿದ್ದೂ. ವ್ಯಾಕ್ಯೂಮ್ ಕ್ಲೀನರ್ ಮಾರೋನಿಗೆ ಆಗಲಿ ಅಂದೋನು ನನಗೆ ಅನ್ನಲಿ. ನಾನೇನು ಅವನಿಗಿಂತ ಕಡೇನಾ?"

ಗೇಲೆನ್ ತನ್ನ ದೊಡ್ಡ ಕೈಯನ್ನು ಅಕ್ಕನ ತಲೆಯ ಮೇಲಿಟ್ಟು, ಟೋಪಿ ಸರಿಪಡಿಸುವವನಂತೆ ಒತ್ತಿದ. ಅವರ ಮನೆಯಲ್ಲಿ ಅಪ್ಪಿಕೊಳ್ಳುವ ಅಭ್ಯಾಸವಿರಲಿಲ್ಲ.

ಸೆಲ್ಮರ್ ಎದ್ದಿದ್ದ. ನೋವಿಲ್ಲದ ಮುಖದಲ್ಲಿ ಹಳೆಯ ತುಂಟತನ ಮರಳಿತ್ತು. ಗೇಲೆನ್‌ನನ್ನು ನೋಡಿ, ನೀನಿಲ್ಲಿ ಕುಳಿತರೆ ರಸ್ತೆಯ ಹಿಮವನ್ನು ಯಾರು ಬಳಿಯುತ್ತಾರೆ, ಅದು ತಾನಾಗಿ ಎದ್ದು ಹೋಗುತ್ತದೆಯೇ ಎಂದು ಕೇಳಿದ. ಡಾಕ್ಟರ್ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಅವನ ಪಕ್ಕ ಕುಳಿತಳು. ಇಬ್ಬರೂ ಪಾರ್ಕಿಂಗಿನ ದೀಪದ ಕಂಬವನ್ನು ನೋಡಿದರು. ಗಾಳಿ ಎದ್ದಿದೆ ಎಂದಳು. ಹೇಳಿದ್ದೆನಲ್ಲ ಎಂದ. ಪಶ್ಚಿಮದ್ದು ಎಂದಳು. ವಾಯವ್ಯದ್ದು ಎಂದು ಮೆಲ್ಲಗೆ ತಿದ್ದಿದ. ಗೋಡೆಯ ಬಳಿ ನಿಂತಿದ್ದ ಗೇಲೆನ್ ತುಟಿ ಕಚ್ಚಿಕೊಂಡ.

ಆಮೇಲೆ ಡಾಕ್ಟರ್ ಎರಡೂ ದಾರಿಗಳನ್ನು ಇನ್ನೊಮ್ಮೆ ಹೇಳಿದಳು. ಮೆಷಿನ್ನು ಅಂದರೆ ಒಂದು ವರ್ಷ. ಮನೆ ಅಂದರೆ ಕೆಲವು ವಾರ, ನೋವಿಲ್ಲದಂತೆ. ಯಾವುದನ್ನೂ ಸಿಹಿ ಮಾಡಲಿಲ್ಲ, ಕಹಿಯೂ ಮಾಡಲಿಲ್ಲ. ಮೆಷಿನ್ನು ಶುರು ಮಾಡೋಣವೇ?

ಅಯ್ಯೋ, ಅದನ್ನು ಯಾರಾದರೂ ಚಿಕ್ಕವರಿಗೆ ಕೊಡಿ ಎಂದ ಸೆಲ್ಮರ್.

ಫಾರ್ಗೊದವರು ಹೇಗೂ ಜಾಗ ಇಟ್ಟುಕೊಂಡಿದ್ದಾರೆ ಎಂದಳು ಡಾಕ್ಟರ್.

ಒಳ್ಳೆಯ ಜನ, ಆದರೆ ಈ ಐಸಿನ ರಸ್ತೆಯಲ್ಲಿ ಆರ್ಲಿ ನನ್ನನ್ನು ಹೊತ್ತುಕೊಂಡು ಓಡಾಡುವುದೇ, ಅವಳಿಗೆ ಬಸ್ಸಿನ ಕೆಲಸವಿದೆ, ಪರವಾಗಿಲ್ಲ ಬಿಡಿ ಎಂದ.

ಎರಡಾಯಿತು. ಆರ್ಲಿಸ್ ಮೂರನೆಯದಕ್ಕೆ ಕಾದಳು. ಡಾಕ್ಟರ್ ಕಪೂಟೊ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ದೀಪದ ಕಂಬವನ್ನೇ ನೋಡುತ್ತ ಕುಳಿತಳು. ಕಂಬಕ್ಕೆ ಕಟ್ಟಿದ್ದ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಸೆಲ್ಮರನೂ ಕಾದ. ಕೇಳುವವರು ನಡುವೆ ನಿಲ್ಲಿಸಿದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಇನ್ನೊಂದು ಸಲ ಕೇಳಿ," ಅಂದಳು ಆರ್ಲಿಸ್.

"ನಾನು ಕೇಳಲ್ಲ," ಅಂದಳು ಡಾಕ್ಟರ್. "ನನ್ನ ಪಾಲಿಂದು ಮುಗೀತು. ಬೇಕಾದ್ರೆ ನೀವು ಕೇಳಿ."

ಆರ್ಲಿಸ್ ಹಾಸಿಗೆಯ ಹತ್ತಿರ ಬಂದಳು. ಕಿಟಕಿಯನ್ನು ನೋಡಬೇಕಾಗಿತ್ತು, ಅದೇ ಕ್ರಮ, ತಾನೇ ಕಲಿಸಿದ ಕ್ರಮ. ಅವಳು ಅಪ್ಪನನ್ನು ನೋಡಿದಳು. ಗೇಲೆನ್ ಕ್ಷೌರ ಮಾಡುವಾಗ ಬಿಟ್ಟಿದ್ದ ನಾಲ್ಕು ಬಿಳಿಕೂದಲು ಗದ್ದದ ಕೆಳಗೆ ಕಂಡವು. ಮೂರನೆಯ ಸಲ ಹೇಗೆ ಕೇಳಬೇಕೆಂದು ಅವಳಿಗೆ ಈ ಜಿಲ್ಲೆಯಲ್ಲಿ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ನೆಪಗಳು ಓಡಿಹೋಗಬಹುದಾದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಬರಬೇಕು.

"ಅಪ್ಪಾ, ನಂಗೇನೂ ತೊಂದ್ರೆ ಇಲ್ಲ. ಬೆಳಿಗ್ಗೆ ಮಕ್ಕಳನ್ನ ಇಳಿಸಿದ ಮೇಲೆ ಮಧ್ಯಾಹ್ನದವರೆಗೂ ಬಸ್ಸು ಸುಮ್ನೆ ನಿಂತಿರುತ್ತೆ, ನಾನೂ ಸುಮ್ನೆ ಇರ್ತೀನಿ. ರಸ್ತೆಯ ಹಿಮ ಗೇಲೆನ್ ಬಳೀತಾನೆ, ಅದು ಹೇಗೂ ಅವನ ಕೆಲಸ. ಜಾಗ ಖಾಲಿ ಇದೆ, ನೀನು ಹೋಗದಿದ್ರೆ ಸುಮ್ನೆ ಹಾಳಾಗುತ್ತೆ. ದಾರೀಲಿ ಪೈ ತಿನ್ನೋಣ." ದನಿ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. "ಮೆಷಿನ್ ಹಾಕ್ಸೋಣ ಅಪ್ಪಾ. ನಂಗೋಸ್ಕರ."

ಕೊನೆಯ ಮಾತು ಕ್ರಮದಲ್ಲಿರಲಿಲ್ಲ. ಆ ಮಾತು ಈ ಊರಿನಲ್ಲಿ ಯಾರೂ ಯಾರಿಗೂ ಹೇಳುವುದಲ್ಲ. ಗೇಲೆನ್‌ನ ಗಂಟಲಿನಿಂದ ನಗುವೋ ಮತ್ತೊಂದೋ ಒಂದು ಸದ್ದು ಹೊರಟು ಅರ್ಧಕ್ಕೇ ನಿಂತಿತು.

ಸೆಲ್ಮರ್ ಕಿಟಕಿಯಿಂದ ಮುಖ ತಿರುಗಿಸಿದ. ಅವನ ತುಟಿಗಳು ಅಭ್ಯಾಸದ ಬಲದಿಂದ ತಾವಾಗಿಯೇ 'ಆಗಲಿ' ಎನ್ನುವ ಆಕಾರಕ್ಕೆ ಬಂದವು. ಆರ್ಲಿಸ್ ಅದನ್ನು ನೋಡಿದಳು, ಅವಳ ಎದೆ ಕುಣಿಯಿತು, ಅದೇ ಗಳಿಗೆಯಲ್ಲಿ ನಾಚಿಕೆಯೂ ಆಯಿತು. ಅವನು ಆ ಆಕಾರವನ್ನು ಹಾಗೇ ಹಿಡಿದುಕೊಂಡು ಮಗಳನ್ನು ನೋಡಿದ. ನೋಡಿ ನೋಡಿ, ತುಟಿಗಳನ್ನು ಮುಚ್ಚಿಕೊಂಡ. ಹುಡುಗಿಯಾಗಿದ್ದಾಗ ಅವಳು ಡೈರಿಗೆ ಬಂದರೆ ಬೆಣ್ಣೆ ಮೆತ್ತಿದ ಬೆರಳಿನಿಂದ ಮೂಗಿನ ತುದಿ ಮುಟ್ಟುತ್ತಿದ್ದ, ಹಾಗೆ ಈಗ ಕೈ ಚಾಚಿದ. ಕೈ ಅಷ್ಟು ದೂರ ಬರಲಿಲ್ಲ. ಅವಳು ಬಗ್ಗಿದಳು.

ಅವನು ತೊಂದರೆ ಎನ್ನಲಿಲ್ಲ. ಪರವಾಗಿಲ್ಲ ಎನ್ನಲಿಲ್ಲ. ಚಿಕ್ಕವರ ಹೆಸರೆತ್ತಲಿಲ್ಲ, ರಸ್ತೆಯನ್ನು ದೂರಲಿಲ್ಲ.

"ಬೇಡ," ಅಂದ.